ಎರಡನೇ ಸಲ ಇಳಿಯೋಕೆ

...ಅಲ್ಲಿ ಬೇಡ ಸರ್, ಅಲ್ಲಿ ಕೂತ್ರೆ ನೀರು ನೇರ ಮುಖಕ್ಕೇ ಹೊಡೆಯುತ್ತೆ. ಈ ಕಡೆ ಬನ್ನಿ, ನನ್ನ ಹತ್ತಿರ, ಎಂಜಿನ್ ಪಕ್ಕಕ್ಕೆ. ಹುಷಾರು, ಕಾಲು... ಎಡಗಾಲಲ್ವಾ? ಬಾಸ್ಕೊದ ದಡದಲ್ಲಿ ಹತ್ತುವಾಗಲೇ ನೋಡಿದೆ, ಎಳೆದು ಹಾಕ್ತಾ ಇದ್ರಿ. ಚಾಚಿಕೊಳ್ಳಿ, ಚಾಚಿಕೊಳ್ಳಿ. ಇವತ್ತು ದೋಣೀಲಿ ಜಾಗಕ್ಕೇನು ಬರ ಇಲ್ಲ. ನಾವಿಬ್ಬರೇ.

ಹಿಂದೆ ನೋಡಿ ಏನೂ ಉಪಯೋಗ ಇಲ್ಲ ಸರ್. ಈ ಮಬ್ಬಿನಲ್ಲಿ ಬಾಸ್ಕೊ ಆಗಲೇ ಮುಚ್ಚಿಹೋಯ್ತು. ಮುಂದೆ ನಮ್ಮೂರು ಇತ್ಬಾಯತ್ ಇನ್ನೂ ಕಾಣಲ್ಲ. ಎರಡು ದ್ವೀಪದ ನಡುವೆ ಯಾವಾಗಲೂ ಇಂಥದ್ದೊಂದು ಜಾಗ ಬರುತ್ತೆ, ಎರಡೂ ಕಾಣಲ್ಲ. ಹೊಸಬರಿಗೆ ಇಲ್ಲಿ ಹೊಟ್ಟೆ ತೊಳಸುತ್ತೆ. ನಿಮಗೇನೂ ಆಗ್ತಿಲ್ಲವಲ್ಲ? ಆಕಾಶ, ನೀರು ಎರಡೂ ಅಲುಗಾಡೋದು ನಿಮಗೆ ಅಭ್ಯಾಸ ಇರೋ ಹಾಗಿದೆ.

ಏನಂದ್ರಿ? ಗಾಳೀಲಿ ಕೇಳಿಸ್ಲಿಲ್ಲ... ಓ, ಏನೂ ಅನ್ನಲಿಲ್ವಾ.

ಆ ಕಿತ್ತಳೆ ಅಂಗಿ ಹಾಕಿಕೊಳ್ಳಿ, ನೀರಿಗೆ ಬಿದ್ರೆ ತೇಲಿಸುತ್ತೆ. ಹಾಕಿಕೊಳ್ಳಲ್ವಾ? ನಿಮ್ಮಿಷ್ಟ. ನಾನೂ ಹಾಕಲ್ಲ.

ಬೇರೆ ದೋಣಿಯವರೆಲ್ಲ ಇವತ್ತು ಒಲ್ಲೆ ಅಂದ್ರಲ್ಲ, ಈ ಮುದುಕ ಮಾತ್ರ ಯಾಕೆ ಹೊರಟ ಅಂತ ನಿಮಗೆ ಅನ್ನಿಸಿರಬೇಕು. ನನಗೂ ಊರು ಸೇರಬೇಕು ಸರ್. ನಾಳೆ ಮನೇಲಿ ಜನ ಬರ್ತಾರೆ, ಹಂದಿ ಕಡೀಬೇಕು, ಫಾದರ್ ಬಂದು ಪೂಜೆ ಮಾಡ್ತಾರೆ. ಅಷ್ಟರಲ್ಲಿ ನಾನಿಲ್ಲ ಅಂದ್ರೆ ಹೇಗೆ? ಹಗ್ಗ ಹಿಡಿಯೋಕೆ ಅಂತ ಒಬ್ಬ ನನ್ನ ಜೊತೆ ಬರೋನು. ಇವತ್ತು ಬೇಡಪ್ಪ, ನೀನು ಬಾಸ್ಕೊದಲ್ಲೇ ಇರು ಅಂದೆ. ಯಾಕೆ ಅಂತ ಕೇಳಿದ. ನೀವು ಕೇಳಲ್ವಾ?

ಕೇಳಲ್ಲ. ಸರಿ.

ಗೆಣಸು ಬೇಯಿಸಿ ತಂದಿದ್ದೀನಿ, ಒಣ ಹಾರುಮೀನು ಇದೆ, ತಗೊಳ್ಳಿ. ಪಲೆಕ್ ಕುಡೀತೀರಾ? ಕಬ್ಬಿನ ಹೆಂಡ, ನಾವೇ ಮಾಡಿದ್ದು. ಬೇಡವಾ. ಒಂದು ಗುಟುಕು ನಾನು ಕುಡೀತೀನಿ, ತಪ್ಪು ತಿಳೀಬೇಡಿ. ಮೊದಲು ಹೀಗಿರಲಿಲ್ಲ, ಈ ಒಂದು ವರ್ಷದಿಂದ.

ಈ ಗಾಳಿ ನೋಡಿ. ಒಂದೇ ಸಮ ಬೀಸೋ ಗಾಳಿಗೆ ನಾವು ಹೆದರಲ್ಲ ಸರ್. ಎಷ್ಟೇ ಜೋರಿರಲಿ, ಅದಕ್ಕೆ ಒರಗಿಕೊಂಡು ಹೋದ್ರಾಯ್ತು. ಬಿಟ್ಟು ಬಿಟ್ಟು ಬೀಸುತ್ತಲ್ಲ, ಅದು ಕೆಟ್ಟದ್ದು. ಒರಗಿಕೊಂಡಿರ್ತೀವಿ, ಇದ್ದಕ್ಕಿದ್ದ ಹಾಗೆ ಗಾಳಿ ಕೈ ಬಿಡುತ್ತೆ, ನಾವು ಮುಗ್ಗರಿಸ್ತೀವಿ, ಅಷ್ಟರಲ್ಲಿ ಪಕ್ಕದಿಂದ ಬಂದು ಗುದ್ದುತ್ತೆ. ಹೋದ ವರ್ಷ ಇದೇ ಸಮಯದಲ್ಲಿ ನಮ್ಮೂರಲ್ಲಿ ಒಂದು ಸಣ್ಣ ವಿಮಾನ ಬಿತ್ತು. ಇದೇ ಗಾಳಿ. ಗೊತ್ತಾ ಆ ಸುದ್ದಿ?

ತಲೆ ಆಡಿಸಿದ್ದು ಹೌದು ಅಂತಾನೋ ಇಲ್ಲ ಅಂತಾನೋ... ಇರಲಿ ಬಿಡಿ. ಹೇಳ್ತೀನಿ, ದಾರಿ ಸಾಗುತ್ತೆ.

ನಮ್ಮೂರಲ್ಲಿ ಫೌಸ್ತೊ ಅಂತ ಒಬ್ಬ ಇದ್ದಾನೆ. ದೋಣಿಯವನೇ, ನನ್ನ ಹಾಗೆ. ಅವನ ಹೆಂಡತಿ ಸಬೀನಾ. ಬೆಳ್ಳುಳ್ಳಿ ಬೆಳೆದು ಮಾರೋಳು. ಅವಳು ಮನೆಗೆ ಬಂದ್ರೆ ಬೆಳ್ಳುಳ್ಳಿ ವಾಸನೆ ಮೊದಲು ಬರೋದು, ಆಮೇಲೆ ನಗು, ಆಮೇಲೆ ಅವಳು. ಅಂಥ ನಗು ಸರ್, ಚರ್ಚಿನ ಆ ಕಡೆಯವರೆಗೂ ಕೇಳೋದು. ಆದ್ರೆ ಪಾಪ, ಮುಂದಿನ ಹಲ್ಲೆಲ್ಲ ಹೋಗಿತ್ತು. ನಗುವಾಗ ಬಾಯಿಗೆ ಕೈ ಅಡ್ಡ ಇಟ್ಟುಕೊಳ್ಳೋಳು. ಫೌಸ್ತೊ ರೇಗಿಸೋನು, ಬಾಗಿಲು ಹಾಕೇ ನೀನು, ಒಳಗೆ ಕೋಳಿ ನುಗ್ಗುತ್ತೆ ಅಂತ. ಅವಳು ಕೈಗೆ ಸಿಕ್ಕಿದ್ದನ್ನ ಎಸೆಯೋಳು. ಮಕ್ಕಳಿಲ್ಲ ಅವರಿಗೆ. ಜಗಳ ಆಡೋಕೆ ಇಬ್ಬರೇ, ರಾಜಿ ಆಗೋಕೂ ಇಬ್ಬರೇ.

ನಕ್ಕಿರಾ? ಇಲ್ಲ. ನಗಬಾರದು ಅಂತೇನೂ ಇಲ್ಲ ಸರ್, ಊರೆಲ್ಲ ನಗ್ತಿತ್ತು ಅವರನ್ನ ನೋಡಿ.

ಹೋದ ವರ್ಷ ಬಾಸ್ಕೊಗೆ ಹಲ್ಲಿನ ಡಾಕ್ಟರು ಬಂದಿದ್ದಾರೆ ಅಂತ ಗೊತ್ತಾಯ್ತು. ಸಬೀನಾ ಹಟ ಹಿಡಿದಳು, ಹಲ್ಲು ಕಟ್ಟಿಸ್ಕೋತೀನಿ ಅಂತ. ಫೌಸ್ತೊ ತನ್ನ ದೋಣೀಲೇ ಕರ್ಕೊಂಡು ಹೋಗಿ ಬಿಟ್ಟ. ದಾರಿಯುದ್ದಕ್ಕೂ ವಾಂತಿ ಅವಳಿಗೆ. ವಾಂತಿ ನಡುನಡುವೆ ಗಂಡನ ವಂಶಕ್ಕೆಲ್ಲ ಬೈಗುಳ. ನೀವು ಕೂತಿದ್ದೀರಲ್ಲ, ಅದೇ ಜಾಗ... ಇಂಥದೇ ಜಾಗ ಅಂದೆ. ಅವನ ದೋಣೀಲಿ.

ಅವಳು ಅಕ್ಕನ ಮಗಳ ಮನೇಲಿ ಉಳಿದಳು, ಹಲ್ಲು ತಯಾರಾಗೋವರೆಗೆ. ಅಷ್ಟರಲ್ಲಿ ಗಾಳಿ ತಿರುಗಿತು, ಸಮುದ್ರ ಎದ್ದಿತು, ದೋಣಿಗಳೆಲ್ಲ ದಡಕ್ಕೆ ಏರಿದವು. ಒಂದು ದಿನ ಫೋನ್ ಬಂತು. "ಫೌಸ್ತೊ, ಹಲ್ಲು ಬಂತು. ಕೇಳಿಸ್ತಿದೆಯಾ, ಈಗ ಫಾದರ್ ಥರ ಸ್ಪಷ್ಟವಾಗಿ ಮಾತಾಡ್ತೀನಿ." ಅವನಂದ, "ಮೊದಲು ಬೈಗುಳ ಅರ್ಧ ನುಂಗ್ತಿದ್ದೆ. ಇನ್ನು ಪೂರ್ತಿ ಕೇಳಬೇಕಲ್ಲ ನಾನು." ಅವಳು ನಕ್ಕಳು. ಕೈ ಅಡ್ಡ ಇಲ್ಲದ ನಗು, ಅವನಿಗೆ ಫೋನಿನಲ್ಲೇ ವ್ಯತ್ಯಾಸ ತಿಳೀತು. "ನಾಳೆ ವಿಮಾನದಲ್ಲಿ ಬರ್ತೀನಿ" ಅಂದಳು. ಜೀವಮಾನದಲ್ಲಿ ವಿಮಾನ ಹತ್ತಿದೋಳಲ್ಲ, ಹಾರೋ ತಗಡಿನ ಡಬ್ಬ ಅಂತಿದ್ದೋಳು. "ಗಡ್ಡ ಬೋಳಿಸಿಕೊಂಡು ಬಾ. ಹೊಸ ಹಲ್ಲು ಇಟ್ಟುಕೊಂಡು ಹೋತದ ಪಕ್ಕ ನಿಲ್ಲೋಕೆ ನನಗೆ ನಾಚಿಕೆ" ಅಂದಳು.

ಬೋಳಿಸಿಕೊಂಡ. ಎರಡು ಕಡೆ ಕುಯ್ದುಕೊಂಡ.

ನಮ್ಮ ವಿಮಾನ ಇಳಿಯೋ ಜಾಗ ಗುಡ್ಡದ ನೆತ್ತಿ ಮೇಲೆ. ನಾನ್ಯಾಕೆ ನಿಮಗೆ... ನೋಡೇ ಇರ್ತೀರಿ, ಫೋಟೋದಲ್ಲೋ ಎಲ್ಲೋ. ಸುತ್ತ ಹುಲ್ಲು, ದನ, ಕಲ್ಲಿನ ಬೇಲಿ. ಮರ ಅನ್ನೋದು ಇಲ್ಲ, ಗಾಳಿಗೆ ತಡೆ ಅನ್ನೋದೇ ಇಲ್ಲ. ಫೌಸ್ತೊ ಹೋಗಿ ನಿಂತಾಗ ದನಗಳೆಲ್ಲ ಗಾಳಿಗೆ ಬೆನ್ನು ಕೊಟ್ಟು ನಿಂತಿದ್ದವು. ಕಂಬದ ಮೇಲಿನ ಗಾಳಿಚೀಲ ಕೋಲಿನ ಹಾಗೆ ಅಡ್ಡಕ್ಕೆ ಸೆಟೆದು ನಿಲ್ಲೋದು, ದಪ್ ಅಂತ ಜೋತು ಬೀಳೋದು, ಮತ್ತೆ ಸೆಟೆಯೋದು. ಅವನು ದೋಣಿಯವನು, ಅವನಿಗೆ ಅಷ್ಟು ಸಾಕು. ಇವತ್ತು ಇಳಿಯಲ್ಲ, ವಾಪಸ್ ಹೋಗ್ತಾರೆ ಅಂದುಕೊಂಡ.

ವಿಮಾನ ಬಂತು. ಏಡಿ ನಡೆಯೋ ಹಾಗೆ ಓರೆಯಾಗಿ ಬಂತು ಸರ್, ಮೂತಿ ಗಾಳಿ ಕಡೆಗೆ, ಮೈ ಇಳಿಯೋ ದಾರಿ ಕಡೆಗೆ. ಒಂದು ರೆಕ್ಕೆ ತಗ್ಗಿಸಿಕೊಂಡು ಇಳೀತು, ಇಳೀತು, ಇನ್ನೇನು ನೆಲ. ಗಾಳಿ ಕೈ ಬಿಡ್ತು. ವಿಮಾನ ಕುಸೀತು. ತಕ್ಷಣ ಪಕ್ಕದಿಂದ ಹೊಡೀತು. ಎಂಜಿನ್ ಕಿರುಚಿಕೊಂಡು ವಿಮಾನ ಮೇಲಕ್ಕೆದ್ದು ಹೋಯ್ತು, ನಮ್ಮ ತಲೆ ಮೇಲಿಂದ, ಸಮುದ್ರದ ಕಡೆಗೆ. ಎಲ್ಲರೂ ಉಸಿರು ಬಿಟ್ವಿ. ಪೈಲಟ್ ಬುದ್ಧಿವಂತ ಅಂದ ಯಾರೋ. ಫೌಸ್ತೊ ಬೈಕಿನ ಹತ್ತಿರ ವಾಪಸ್ ಹೋದ. ಸಾಯಂಕಾಲ ಬಾಸ್ಕೊದಿಂದ ಫೋನ್ ಮಾಡಿ ಎಷ್ಟು ಬೈತಾಳೋ ಅಂದುಕೊಂಡ, ನಾನೇನು ಗಾಳೀನ ಕಳಿಸಿದ್ನಾ ಅಂತ ಉತ್ತರಾನೂ ರೆಡಿ ಮಾಡಿಕೊಂಡ. ಬೈಕಿಗೆ ಕಿಕ್ ಹೊಡೀಬೇಕು...

ಆ ಸದ್ದು ವಾಪಸ್ ಬಂತು.

ಇವತ್ತಿಗೂ ಅದು ನನ್ನ ಕಿವೀಲಿ... ಅವನ ಕಿವೀಲಿದೆ.

ಎರಡನೇ ಸಲ ಇಳಿಯೋಕೆ ಬಂತು ಸರ್. ಅದೇ ಗಾಳಿ, ಅದೇ ಓರೆ. ಒಂದು ಚಕ್ರ ನೆಲ ಮುಟ್ಟಿತು, ಚೆಂಡಿನ ಹಾಗೆ ಪುಟೀತು, ಗಾಳಿ ಒಂದು ರೆಕ್ಕೆ ಕೆಳಗೆ ಕೈ ಹಾಕಿ ಎತ್ತಿತು. ಇನ್ನೊಂದು ರೆಕ್ಕೆಯ ತುದಿ ನೆಲ ಸೀಳಿಕೊಂಡು ಹೋಯ್ತು. ಒಂದು ಸುತ್ತು ತಿರುಗಿ, ದಾರಿ ಬಿಟ್ಟು, ಹುಲ್ಲಿನ ಮೇಲೆ ಜಾರಿ ಕಲ್ಲಿನ ಬೇಲಿಗೆ. ಬೆಂಕಿ ಇಲ್ಲ, ಏನಿಲ್ಲ. ತಗಡು ಮುದುಡಿದ ಸದ್ದು, ಆಮೇಲೆ ಬರೀ ಗಾಳಿ.

ಪೈಲಟ್ ಮೂರು ಜನರನ್ನ ಹೊರಗೆಳೆದ. ಅವನ ಕಾಲು ಮುರಿದಿತ್ತು, ಆದ್ರೂ ಎಳೆದ, ನಾನು ಸುಳ್ಳು ಹೇಳಲ್ಲ. ನಮ್ಮೂರ ಟೀಚರ್ ಲುರ್ದೆಸ್ ಬದುಕಿದ್ರು, ಇನ್ನಿಬ್ಬರು ಬದುಕಿದ್ರು. ಸಬೀನಾ ಕೂತಿದ್ದ ಮಗ್ಗುಲೇ ಬೇಲಿಗೆ ಹೊಡೆದಿದ್ದು. ನೋವು ಗೊತ್ತಾಗಿರಲ್ಲ ಅಂದ್ರು. ಎಲ್ಲರಿಗೂ ಹಾಗೇ ಹೇಳ್ತಾರೆ. ಫೌಸ್ತೊ ಅವಳ ತಲೆ ತೊಡೆ ಮೇಲಿಟ್ಟುಕೊಂಡು ಕೂತ. ಬಾಯಿ ಸ್ವಲ್ಪ ತೆರೆದಿತ್ತು. ಅವನು ಆ ಹಲ್ಲು ನೋಡಿದ್ದು ಅದೇ ಮೊದಲು.

ಒಂದೂ ಮುರಿದಿರಲಿಲ್ಲ ಸರ್. ಸಾಲಾಗಿ, ಬೆಳ್ಳಗೆ, ಹದಿನೆಂಟು ವರ್ಷದೋಳ ಹಾಗೆ.

ಗೆಣಸು ತಿನ್ನಿ. ಕೈಯಲ್ಲೇ ಹಿಡ್ಕೊಂಡಿದ್ದೀರಿ.

ಬಾಸ್ಕೊದಲ್ಲಿ ವಿಚಾರಣೆ ಆಯ್ತು. ಫೌಸ್ತೊ ಹೋಗಿದ್ದ, ಹಿಂದಿನ ಬೆಂಚಲ್ಲಿ ಕೂತಿದ್ದ. ಮನಿಲಾದಿಂದ ಬಂದ ಅಧಿಕಾರಿಗಳು ಗಾಳಿ ಎಷ್ಟಿತ್ತು, ಯಾವ ಕಡೆಯಿಂದಿತ್ತು ಅಂತೆಲ್ಲ ಓದಿದ್ರು. ಪೈಲಟ್ ಕಾಲಿಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದ. ಎಲ್ಲದಕ್ಕೂ ಹೌದು, ಹೌದು ಅಂದ. ಒಬ್ಬ ಅಧಿಕಾರಿ ಕೇಳಿದ, ಮೊದಲ ಸಲ ಆಗಲ್ಲ ಅಂತ ಗೊತ್ತಾದ ಮೇಲೆ ವಾಪಸ್ ಹೋಗಬಹುದಿತ್ತಲ್ಲ, ಎರಡನೇ ಸಲ ಯಾಕೆ ಬಂದ್ರಿ? ಫೌಸ್ತೊ ಬೆಂಚಿನ ತುದಿಗೆ ಬಂದ. ಅದೊಂದು ಮಾತು ಕೇಳೋಕೇ ಅವನು ಬಂದಿದ್ದು. ಅಷ್ಟರಲ್ಲಿ ಕಂಪನಿ ವಕೀಲ ಎದ್ದು ನಿಂತು ಏನೋ ಹೇಳಿದ, ನಿಯಮ ಅದು ಇದು ಅಂತ. ಪ್ರಶ್ನೆ ಅಲ್ಲೇ ಬಿತ್ತು. ಕೊನೆಗೆ ಎಲ್ಲ ಗಾಳಿ ಮೇಲೆ ಹಾಕಿದ್ರು. ಗಾಳಿಗೇನು, ಎಷ್ಟು ಹೇರಿದ್ರೂ ಹೊರುತ್ತೆ. ಅದನ್ನ ಹಿಡಿದು ಜೈಲಿಗೆ ಹಾಕೋಕಾಗುತ್ತಾ?

ಹೊರಗೆ ಹೋಗುವಾಗ ಪೈಲಟ್ ಒಂದು ಸಲ ಹಿಂದೆ ತಿರುಗಿದ. ಯಾರನ್ನ ನೋಡಿದನೋ.

ಹೆದರಬೇಡಿ, ಎಂಜಿನ್ ಕೆಟ್ಟಿಲ್ಲ. ನಾನೇ ನಿಲ್ಲಿಸಿದೆ. ಆ ಸದ್ದಿನಲ್ಲಿ ನೀವು ಮಾತಾಡಿದ್ರೂ ನನಗೆ ಕೇಳಿಸಲ್ಲ. ಈಗ ಕೇಳುತ್ತೆ. ಸುತ್ತ ನೋಡಿ, ವಕೀಲ ಯಾರೂ ಇಲ್ಲ.

ಹೇಳಿ, ಕ್ಯಾಪ್ಟನ್ ಲೆಡೆಸ್ಮಾ. ಎರಡನೇ ಸಲ ಯಾಕೆ ಬಂದಿರಿ?

...

ಹೇಳಿ. ಗಾಳಿ ಅನ್ನಿ. ಎಲ್ಲರೂ ಅದನ್ನೇ ಅಂದಿದ್ದಾರೆ, ನೀವೂ ಅನ್ನಿ. ಕಂಪನಿಯವರು ವಾಪಸ್ ಬಂದ್ರೆ ಬೈತಾರೆ ಅಂತ ಬಂದೆ ಅನ್ನಿ. ಪ್ರಯಾಣಿಕರೇ ಕೇಳಿಕೊಂಡ್ರು ಅನ್ನಿ. ಟೀಚರ್ ಲುರ್ದೆಸ್ ನನಗೆ ಹೇಳಿದ್ದಾರೆ, ಇನ್ನೊಂದು ಸಲ ನೋಡೋಣ, ಆಗದಿದ್ರೆ ವಾಪಸ್ ಹೋಗೋಣ ಅಂದ್ರಂತೆ ನೀವು. ಒಳಗೆ ಎಲ್ಲ ಚಪ್ಪಾಳೆ ತಟ್ಟಿದ್ರಂತೆ. ಸಬೀನಾನೂ ತಟ್ಟಿದಳಾ? ಅದಾದ್ರೂ ಹೇಳಿ.

ಬಾಯಿ ತೆಗೀರಿ. ಒಂದು ನೆಪ ಹೇಳಿ ಸಾಕು. ಒಂದು ವರ್ಷದಿಂದ ಕಾಯ್ತಿದ್ದೀನಿ, ನೀವು ನೆಪ ಹೇಳೋದನ್ನ ಕೇಳೋಕೆ. ಆಮೇಲೆ ನನಗೆ ಸುಲಭ ಆಗುತ್ತೆ.

ಹೌದು, ನಾನೇ ಫೌಸ್ತೊ.

ನೀವು ಬೆಚ್ಚಲಿಲ್ಲ.

ಯಾಕೆ ಬೆಚ್ಚಲಿಲ್ಲ? ನಡು ಸಮುದ್ರದಲ್ಲಿ ಎಂಜಿನ್ ನಿಲ್ಲಿಸಿ ಒಬ್ಬ ನಾನೇ ಅವಳ ಗಂಡ ಅಂತಿದ್ದಾನೆ, ನೀವು ಸುಮ್ಮನೆ ನೋಡ್ತಾ ಕೂತಿದ್ದೀರಿ... ಗೊತ್ತಿತ್ತಾ? ಯಾವಾಗಿಂದ? ವಿಚಾರಣೆ ದಿನ, ಹಿಂದೆ ತಿರುಗಿದಾಗ, ನನ್ನನ್ನೇ ನೋಡಿದ್ರಾ?

ಹಾಗಾದ್ರೆ ಇವತ್ತು ಬೆಳಿಗ್ಗೆ ಬಾಸ್ಕೊದಲ್ಲಿ... ಗೊತ್ತಿದ್ದೇ ಹತ್ತಿದಿರಿ. ನಾನು ಒಬ್ಬನೇ ಅಂತ ಗೊತ್ತಿದ್ದೂ. ನಾಳೆ ಅವಳ ವರ್ಷದ ಪೂಜೆ ಅಂತಾನೂ ಗೊತ್ತು. ಅದಕ್ಕೇ ಬಂದಿರೋದು ನೀವು.

ಇದು ಸರಿಯಲ್ಲ ಕ್ಯಾಪ್ಟನ್. ನೀವು ಹೀಗೆ ಬರಬಾರದಿತ್ತು.

ತಡೀರಿ, ಎಂಜಿನ್ ಹಾಕ್ತೀನಿ. ಅಲೆ ಪಕ್ಕಕ್ಕೆ ತಿರುಗಿಸ್ತಿದೆ ನಮ್ಮನ್ನ. ಕೂತ್ಕೊಳ್ಳಿ. ಆ ಡಬ್ಬ ತಗೊಂಡು ನೀರು ಎತ್ತಿ ಹಾಕ್ತಿರಿ, ಒಳಗೆ ಬಂದಿದೆ.



...

ಅಗೋ. ಮಬ್ಬಿನಲ್ಲಿ ಕಪ್ಪಗೆ ಗೋಡೆ ಥರ ಕಾಣ್ತಿದೆಯಲ್ಲ, ಇತ್ಬಾಯತ್. ನೀವು ಯಾವಾಗಲೂ ಮೇಲಿಂದ ಇಳಿದವರು, ಕೆಳಗಿಂದ ನೋಡಿಲ್ಲ. ಮರಳು ದಂಡೆ ಗಿಂಡೆ ಏನೂ ಇಲ್ಲ, ಬರೀ ಬಂಡೆ. ಬಂಡೆ ಬುಡದಲ್ಲಿ ಒಂದು ಸಿಮೆಂಟಿನ ಕಟ್ಟೆ, ಅದೇ ನಮ್ಮ ಬಂದರು. ದೋಣಿ ಕಟ್ಟೆ ಮಗ್ಗುಲಿಗೆ ಹೋಗುತ್ತೆ. ಅಲೆ ದೋಣೀನ ಎತ್ತುತ್ತೆ, ಕಟ್ಟೆಗೆ ಸಮ ಬಂದಾಗ ಹಾರಬೇಕು. ಇಳಿಯೋಕೆ ಶುರು ಆದ ಮೇಲೆ ಹಾರಿದ್ರೆ ಕಾಲಿಗೆ ಏನೂ ಸಿಗಲ್ಲ, ದೋಣಿಗೂ ಕಟ್ಟೆಗೂ ನಡುವೆ ಹೋಗ್ತೀರಿ, ಮುಂದಿನ ಅಲೆ ದೋಣೀನ ತಂದು ಒತ್ತುತ್ತೆ. ಹಿಂದೆ ಎಂಜಿನ್ ಹಿಡಿದವನಿಗೆ ಅಲೆ ಬೆನ್ನಲ್ಲೇ ಗೊತ್ತಾಗುತ್ತೆ. ಅದಕ್ಕೇ ನೀರು ನೋಡಬೇಡಿ, ನನ್ನ ಮಾತು ಕೇಳಿ. ಹಾರಿ ಅಂದಾಗ ಹಾರಿ. ಯೋಚಿಸೋಕೆ ಹೋಗಬೇಡಿ.

ಕಟ್ಟೆ ಮೇಲೆ ಕೆಂಪು ಅಂಗಿಯವನು ಕಾಣ್ತಾನಾ? ಪ್ರಿಮೊ. ಸಬೀನಾಳ ತಮ್ಮ. ಅವನೇ ದೋಣಿ ಹಗ್ಗಾನೂ ನಿಮ್ಮ ಕೈನೂ ಹಿಡಿಯೋನು. ನೀವು ಯಾರು ಅಂತ ಅವನಿಗೆ ಗೊತ್ತಿಲ್ಲ.

ಏಳಿ. ಅಂಚಿಗೆ ಬನ್ನಿ. ಒಳ್ಳೇ ಕಾಲು ಮೇಲಿಡಿ, ಹಗ್ಗ ಹಿಡ್ಕೊಳ್ಳಿ. ಹಾಂ. ಬಂತು... ಏರ್ತಿದೆ... ನಿಲ್ಲಿ... ನಿಲ್ಲಿ...

ಹಾರಿ.

ಹಾರಿ ಅಂದೆ. ಹಾರಿ ಕ್ಯಾಪ್ಟನ್.

ಕೂತ್ಕೊಳ್ಳಿ, ಕೂತ್ಕೊಳ್ಳಿ, ಬಂಡೆಗೆ ಬಡಿಯುತ್ತೆ, ಹಿಂದಕ್ಕೆ ಎಳೀತೀನಿ. ಪ್ರಿಮೊ, ಹಗ್ಗ ಬಿಡು. ಬಿಡೋ.

...ಯಾಕೆ ಹಾರಲಿಲ್ಲ? ಅಷ್ಟು ಹೇಳಿದ್ನಲ್ಲ, ಯೋಚಿಸಬೇಡಿ ಅಂತ. ಕಾಲು ನೋವಾ? ಹೆದರಿಕೊಂಡ್ರಾ?

ಹಾಗೆ ನೋಡಬೇಡಿ ನನ್ನ.

ಹಾಗೆ ನೋಡಬೇಡಿ ಅಂದೆ.

ಗೊತ್ತಾಯ್ತಾ ನಿಮಗೆ. ಗೊತ್ತಾಗದೆ ಏನು, ನೆಲ ಎಷ್ಟು ಹತ್ತಿರ ಇದೆ ಅಂತ ನೋಡೋದೇ ಕೆಲಸ ಆಗಿದ್ದೋರು. ದೋಣಿ ಇಳಿಯೋಕೆ ಶುರು ಆಗಿತ್ತು. ಬೇಕು ಅಂತಲೇ ತಡ ಮಾಡಿ ಹೇಳಿದೆ. ಬೆಳಿಗ್ಗೆ ನಿಮ್ಮನ್ನ ದಡದಲ್ಲಿ ನೋಡಿದಾಗಿಂದ ಅದೊಂದೇ ತಲೇಲಿ. ಆ ಹಗ್ಗದವನನ್ನ ಬಾಸ್ಕೊದಲ್ಲಿ ಬಿಟ್ಟಿದ್ದೂ ಅದಕ್ಕೇ. ಎಷ್ಟು ವರ್ಷದಿಂದ ಜನರಿಗೆ ಹಾರಿ ಅಂತ ಹೇಳಿದ್ದೀನಿ, ಬಸುರಿಯರಿಗೆ, ಮುದುಕರಿಗೆ, ಒಬ್ಬರ ಚಪ್ಪಲಿಯೂ ನೀರಿಗೆ ಬಿದ್ದಿಲ್ಲ. ಇವತ್ತೊಂದು ದಿನ ತಪ್ಪಿದ್ರೆ ಯಾರು ನನ್ನನ್ನ ಕೇಳ್ತಾರೆ? ಗಾಳಿ ಅಂತಾರೆ. ಕುಂಟ ಮನುಷ್ಯ, ಕಾಲು ಜಾರ್ತು ಅಂತಾರೆ.

ಹಾರಿಬಿಡ್ತೀರಿ ಅಂದುಕೊಂಡಿದ್ದೆ. ದೋಣಿ ಹತ್ತಿದ ಹಾಗೇ ಹಾರಿಬಿಡ್ತೀರಿ ಅಂದುಕೊಂಡಿದ್ದೆ. ಅದೊಂದನ್ನ ಮಾತ್ರ ಒಪ್ಪಲಿಲ್ಲ ನೀವು. ನಿಮಗೋಸ್ಕರವೋ ನನಗೋಸ್ಕರವೋ, ನನಗೆ ತಿಳೀತಿಲ್ಲ.

ಪ್ರಿಮೊ ಕೈ ಬೀಸ್ತಿದ್ದಾನೆ, ಮತ್ತೆ ಬಾ ಅಂತ. ಮೇಲೆ ಇನ್ನೂ ಜನ ಬಂದ್ರು ನೋಡಿ. ಆ ತಲೆ ಮೇಲೆ ಹುಲ್ಲಿನ ವಾಕುಲ್ ಟೊಪ್ಪಿ ಹಾಕಿರೋಳು ನನ್ನ ಅತ್ತಿಗೆ...

ಅಯ್ಯೋ. ದೋಣಿ ತಿರುಗಿಸಿಬಿಟ್ಟಿದ್ದೀನಿ.

ನೋಡಿ, ಮೂತಿ ಕಟ್ಟೆ ಕಡೆಗೇ ಇದೆ. ಯಾವಾಗ ತಿರುಗಿಸಿದೆ ನಾನು? ಯೋಚನೇನೇ ಮಾಡ್ಲಿಲ್ಲ. ಗಾಳಿ ಜಾಸ್ತಿ ಆಗಿದೆ, ಅಲೆ ದೊಡ್ಡದಾಗಿದೆ, ಎಲ್ಲ ಗೊತ್ತು ನನಗೆ. ಆದ್ರೂ ಮನೆ ಇಷ್ಟು ಹತ್ತಿರ, ಜನ ಕಾಯ್ತಿದ್ದಾರೆ, ಇನ್ನೊಂದೇ ಸಲ...

ಇಷ್ಟೇನಾ ಕ್ಯಾಪ್ಟನ್?

ಇಷ್ಟೇನಾ? ಇದಕ್ಕೇನಾ ಎರಡನೇ ಸಲ ಬಂದಿದ್ದು ನೀವು?

ಅಳಬೇಡಿ. ನಾನೂ ಅಳಲ್ಲ. ಈಗ ಅತ್ರೆ ಕಣ್ಣು ಕಾಣಲ್ಲ ಇಬ್ಬರಿಗೂ.

ಬೇಡ ಅಂದ್ರೆ ವಾಪಸ್ ಹೋಗೋಣ. ಪೆಟ್ರೋಲ್ ಇದೆ, ಗಾಳಿ ಎದುರಾಗುತ್ತೆ, ಆದ್ರೂ ಬಾಸ್ಕೊ ಮುಟ್ಟಿಸ್ತೀನಿ. ನಿಮ್ಮ ಮಾತಿನಂತೆ ಆಗಲಿ. ನನ್ನ ಬಾಯಿ ಮೇಲೆ ನನಗೇ ನಂಬಿಕೆ ಇಲ್ಲ ಈಗ, ನೀವು ಹೇಗೆ...

ಎದ್ದು ನಿಂತ್ರಾ.

ನನ್ನ ಕಡೆ ಬೆನ್ನು ಹಾಕಿ ನಿಂತ್ರಾ. ಸರಿ. ಸರಿ, ದಡ ನೋಡ್ತಾ ಇರಿ. ಕೆಳಗೆ ನೋಡಬೇಡಿ. ಆ ಕೆಟ್ಟ ಕಾಲಿನ ಮೇಲೆ ಭಾರ ಬಿಡಬೇಡಿ.

ಇದಲ್ಲ.

ಇದೂ ಅಲ್ಲ, ಇದು ಸುಳ್ಳು ಅಲೆ, ಬೇಗ ಕುಸಿಯುತ್ತೆ. ಬಿಟ್ಟುಬಿಡಿ.

ಹಿಂದೆ ದೊಡ್ಡದು ಬರ್ತಿದೆ, ಬೆನ್ನಿಗೆ ಗೊತ್ತಾಗ್ತಿದೆ. ಬರಲಿ... ಎತ್ತಲಿ... ಇನ್ನೂ ಇಲ್ಲ... ಇನ್ನೂ ಇಲ್ಲ...

ಈಗ. ಹಾರಿ.

ಪ್ರಿಮೊ, ಹಿಡಿ. ಎರಡೂ ಕೈ ಹಿಡಿಯೋ, ಅಂಗಿ ಅಲ್ಲ, ಕೈ. ಹಿಡಿದ್ಯಾ?

ಯಾರು ಅಂತ ಆಮೇಲೆ ಹೇಳ್ತೀನಿ. ಮೊದಲು ಮೇಲಕ್ಕೆ ಎಳಕೋ.